ಲ್ಯಾಪ್‌ಟಾಪ್ ವೇದಿಕೆ ಏರುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು ಜಿಲ್ಲೆಯವು. ಬರೆದವರಲ್ಲಿ ಪೌರಾಣಿಕ ನಾಟಕಗಳಿಗೆ ಕೀಬೋರ್ಡ್ ನುಡಿಸುವವರಿದ್ದಾರೆ, ಸುಗಮ ಸಂಗೀತದ ತಂಡದವರಿದ್ದಾರೆ, ಗಣೇಶೋತ್ಸವದ ಆರ್ಕೆಸ್ಟ್ರಾದವರೂ ಇದ್ದಾರೆ. ಎಲ್ಲರ ವಿಚಾರವೂ ಒಂದೇ: ಕೀಬೋರ್ಡಿನೊಳಗಿನ ಧ್ವನಿಯನ್ನು ಬಿಟ್ಟು, ಲ್ಯಾಪ್‌ಟಾಪಿನ ತಂತ್ರಾಂಶದಲ್ಲಿ, ಅಂದರೆ ಸಾಫ್ಟ್‌ವೇರ್ ಸಿಂಥ್‌ನಲ್ಲಿ ಹುಟ್ಟುವ ಧ್ವನಿಯನ್ನು ವೇದಿಕೆಯ ಮೇಲೆ ನುಡಿಸುವುದು ಹೇಗೆ? ಇಂಥ ಜೋಡಣೆಯಲ್ಲಿ ಕೀಬೋರ್ಡು ಯಾವ ಮನೆ (ಕೀ) ಒತ್ತಲಾಯಿತು, ಎಷ್ಟು ಬಲವಾಗಿ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ಸುದ್ದಿಯನ್ನಷ್ಟೇ ಮಿಡಿ (ವಾದ್ಯ ಮತ್ತು ಕಂಪ್ಯೂಟರುಗಳ ನಡುವಿನ ಸಂಕೇತ ಪದ್ಧತಿ) ಸಂಕೇತವಾಗಿ ಕಳುಹಿಸುತ್ತದೆ. ಧ್ವನಿಯನ್ನು ಹುಟ್ಟಿಸುವ ಹೊಣೆ ಲ್ಯಾಪ್‌ಟಾಪಿನದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗಿ ತಿಳಿಯುತ್ತವೆ.

ಪ್ರಶ್ನೆ: ಸುಗಮ ಸಂಗೀತದ ತಂಡವೊಂದರಲ್ಲಿ ನುಡಿಸುತ್ತೇನೆ. ಕೀಬೋರ್ಡನ್ನು ಯುಎಸ್‌ಬಿ ಕೇಬಲ್ಲಿನಿಂದ ವಿಂಡೋಸ್ ಲ್ಯಾಪ್‌ಟಾಪಿಗೆ ಜೋಡಿಸಿ, ಲ್ಯಾಪ್‌ಟಾಪಿನ ಇಯರ್‌ಫೋನ್ ಸಾಕೆಟ್ಟಿನಿಂದ ಮಿಕ್ಸರಿಗೆ ಕೊಡುತ್ತಿದ್ದೇನೆ. ಮನೆ ಒತ್ತಿದ ಮೇಲೆ ಧ್ವನಿ ತಡವಾಗಿ ಬರುತ್ತದೆ. ನಾನು ಲಯದಲ್ಲಿ ಹಿಂದೆ ಬೀಳುತ್ತಿದ್ದೇನೆ ಎಂದು ತಬಲಾ ನುಡಿಸುವವರು ಹೇಳುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೆ? (ತುಮಕೂರು ನಗರದ ಓದುಗರು)

ಉತ್ತರ: ಲ್ಯಾಪ್‌ಟಾಪ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ತೊಂದರೆಯ ಮೂಲ ಬಹುಪಾಲು ಬೇರೆ ಕಡೆ ಇದೆ. ಕಂಪ್ಯೂಟರು ಧ್ವನಿಯನ್ನು ಎಡೆಬಿಡದೆ ಹರಿಸುವುದಿಲ್ಲ. ಸಣ್ಣ ಸಣ್ಣ ಕಂತುಗಳಲ್ಲಿ ತಯಾರಿಸಿ ಕೊಡುತ್ತದೆ. ಆ ಕಂತಿನ ಗಾತ್ರಕ್ಕೆ ಬಫರ್ ಎಂದು ಹೆಸರು. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಧ್ವನಿಯನ್ನು ಅಳೆದ ಅಂಕಿಗಳ) ವೇಗದಲ್ಲಿ ಬಫರನ್ನು 1024 ಎಂದು ಇಟ್ಟರೆ ಒಂದು ಕಂತಿಗೆ ಸುಮಾರು 23 ಮಿಲಿಸೆಕೆಂಡ್ ಹಿಡಿಯುತ್ತದೆ. 256 ಎಂದು ಇಟ್ಟರೆ 5.8, 128 ಎಂದು ಇಟ್ಟರೆ 2.9 ಮಿಲಿಸೆಕೆಂಡ್. ಇದರ ಮೇಲೆ ಡ್ರೈವರು (ಕಂಪ್ಯೂಟರಿನ ಧ್ವನಿಯ ಭಾಗವನ್ನು ನಡೆಸುವ ತಂತ್ರಾಂಶ) ಕಾದಿರಿಸುವ ಒಂದೆರಡು ಕಂತು, ಕೀಬೋರ್ಡಿನಿಂದ ಸಂಕೇತ ಬಂದು ಸೇರುವ ಹೊತ್ತು, ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಹೊತ್ತು ಎಲ್ಲವೂ ಸೇರುತ್ತವೆ. ಒಟ್ಟು ತಡ 10 ಮಿಲಿಸೆಕೆಂಡಿನ ಆಸುಪಾಸಿನಲ್ಲಿದ್ದರೆ ಹೆಚ್ಚಿನವರ ಬೆರಳಿಗೆ ಅದು ಗೊತ್ತಾಗುವುದಿಲ್ಲ. 30 ದಾಟಿದರೆ ತಬಲಾದೊಂದಿಗೆ ಕೂಡಿ ನಡೆಯುವುದು ಕಷ್ಟ.

ವಿಂಡೋಸಿನ ಸಾಮಾನ್ಯ ಧ್ವನಿ ಮಾರ್ಗ ಚಲನಚಿತ್ರ ನೋಡುವುದಕ್ಕೆ, ಹಾಡು ಕೇಳುವುದಕ್ಕೆ ಹೊಂದಿಸಿದ್ದು. ಅಲ್ಲಿ ತಡವಾದರೂ ಯಾರಿಗೂ ತಿಳಿಯುವುದಿಲ್ಲ. ವಾದನಕ್ಕೆ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ಆಸಿಯೊ ಎಂಬ ಡ್ರೈವರ್ ಪದ್ಧತಿ ಬೇಕಾಗುತ್ತದೆ. ಮೊದಲು ಉಚಿತವಾಗಿ ಸಿಗುವ ಆಸಿಯೊ ಫೋರ್ ಆಲ್ ಅನ್ನು ಹಾಕಿಕೊಂಡು, ಬಫರನ್ನು 512ರಿಂದ 256ಕ್ಕೆ ಇಳಿಸಿ ನೋಡಿ. ಅಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ. ವೇದಿಕೆಯ ಮೇಲೆ ನಿಯಮಿತವಾಗಿ ನುಡಿಸುವುದಾದರೆ, ತಯಾರಕರೇ ಬರೆದ ಆಸಿಯೊ ಡ್ರೈವರ್ ಇರುವ ಒಂದು ಆಡಿಯೊ ಇಂಟರ್‌ಫೇಸ್ (ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಧ್ವನಿಯ ಪೆಟ್ಟಿಗೆ) ಕೊಳ್ಳಿ. ಹೊಸ ಲ್ಯಾಪ್‌ಟಾಪಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಅದಕ್ಕಿಂತ ಹೆಚ್ಚಿನ ಪ್ರಯೋಜನ ಇದರಿಂದ ಆಗುತ್ತದೆ. ಆಪಲ್ ಕಂಪ್ಯೂಟರುಗಳಲ್ಲಿ ಕೋರ್ ಆಡಿಯೊ ಮೊದಲೇ ಇರುವುದರಿಂದ ಪ್ರತ್ಯೇಕ ಡ್ರೈವರಿನ ಈ ತಾಪತ್ರಯ ಅಷ್ಟಾಗಿ ಇಲ್ಲ.

ಬಫರನ್ನು ಇಳಿಸುತ್ತಾ ಹೋದಂತೆ ಒಂದು ಹಂತದಲ್ಲಿ ಚಟಪಟ ಸದ್ದು ಕೇಳಿಸುತ್ತದೆ. ಕಂತು ಸಿದ್ಧವಾಗುವ ಮೊದಲೇ ಅದನ್ನು ಕೇಳುವ ಹೊತ್ತು ಬಂದಿದೆ ಎಂಬುದಕ್ಕೆ ಅದು ಗುರುತು. ಆ ಸದ್ದು ಬಂದ ಗಾತ್ರಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ಇದನ್ನು ಪರೀಕ್ಷಿಸುವಾಗ ಒಂದೇ ಸ್ವರ ಒತ್ತಿ ನೋಡಿ ತೃಪ್ತರಾಗಬೇಡಿ. ನಿಮ್ಮ ಕಾರ್ಯಕ್ರಮದ ಅತ್ಯಂತ ಭಾರವಾದ ಹಾಡನ್ನು ತೆಗೆದುಕೊಂಡು, ಪಿಯಾನೊ ಮತ್ತು ಸ್ಟ್ರಿಂಗ್ಸ್ ಎರಡನ್ನೂ ಸೇರಿಸಿ, ಸಸ್ಟೇನ್ ಪೆಡಲನ್ನು ಒತ್ತಿ ಹಿಡಿದು ಎರಡೂ ಕೈಯಲ್ಲಿ ನುಡಿಸಿ. ಹಾಗೆ ಮಾಡಿದಾಗಲೂ ಸದ್ದು ಬಾರದಿದ್ದರೆ ಆ ಗಾತ್ರ ವೇದಿಕೆಗೆ ಯೋಗ್ಯ. ಎಲ್ಲ ಸರಿಯಿದ್ದೂ ಆಗೊಮ್ಮೆ ಈಗೊಮ್ಮೆ ಸದ್ದು ಬಂದರೆ ವೈಫೈ, ಬ್ಲೂಟೂತ್ ಎರಡನ್ನೂ ಆರಿಸಿ, ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ತೆಗೆದು ಪೂರ್ಣ ಸಾಮರ್ಥ್ಯಕ್ಕೆ ಇಡಿ. ಲೇಟೆನ್ಸಿ‌ಮಾನ್ ಎಂಬ ತಂತ್ರಾಂಶವನ್ನು ಸ್ವಲ್ಪ ಹೊತ್ತು ಓಡಿಸಿದರೆ ಯಾವ ಡ್ರೈವರು ಅಡ್ಡ ಬರುತ್ತಿದೆ ಎಂಬುದನ್ನು ಅದೇ ತೋರಿಸುತ್ತದೆ.

ಇನ್ನೊಂದು ವಿಚಾರವನ್ನು ಬಹಳ ಮಂದಿ ಗಮನಿಸುವುದಿಲ್ಲ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ನಿಮ್ಮ ಧ್ವನಿ ಕೇಳಿಸುವ ಸ್ಪೀಕರ್ ಬಾಕ್ಸು 10 ಮೀಟರ್ ದೂರದಲ್ಲಿದ್ದರೆ, ಗಾಳಿಯೊಂದೇ 29 ಮಿಲಿಸೆಕೆಂಡ್ ತಡ ಮಾಡುತ್ತದೆ. ಹಾರ್ಮೋನಿಯಂ ನುಡಿಸುವವರಿಗೆ ಈ ಕಷ್ಟವಿಲ್ಲ, ಅವರ ಧ್ವನಿ ಮಡಿಲಿನಿಂದಲೇ ಬರುತ್ತದೆ. ಆದ್ದರಿಂದ ತಂತ್ರಾಂಶವನ್ನು ದೂರುವ ಮೊದಲು ಒಂದು ಸಣ್ಣ ಮಾನಿಟರ್ ಬಾಕ್ಸನ್ನು ನಿಮ್ಮ ಪಕ್ಕದಲ್ಲಿ ಇಡುವಂತೆ ಮೈಕ್‌ಸೆಟ್ಟಿನವರನ್ನು ಕೇಳಿ, ಇಲ್ಲವೇ ತಂತಿಯಿರುವ ಇಯರ್‌ಫೋನ್ ಬಳಸಿ. ಬ್ಲೂಟೂತ್ ಇಯರ್‌ಫೋನ್ ಖಂಡಿತ ಬೇಡ. ಅದರ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡನ್ನೂ ಮೀರುತ್ತದೆ.

ಪ್ರಶ್ನೆ: ನಮ್ಮೂರಿನ ‘ಕುರುಕ್ಷೇತ್ರ’ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರ ಜೊತೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಲ್ಯಾಪ್‌ಟಾಪಿನಿಂದ ಸ್ಟ್ರಿಂಗ್ಸ್, ಕೊಳಲು ತೆಗೆದಾಗ ಹಾರ್ಮೋನಿಯಮ್ಮಿನೊಂದಿಗೆ ಶ್ರುತಿ ಕೂಡುವುದಿಲ್ಲ. ಒಂದು ಸ್ವರ ಹೆಚ್ಚು ಮಾಡಿದರೆ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ನಿಲ್ಲುತ್ತದೆ. ಏನು ಮಾಡಬೇಕು? (ಗುಬ್ಬಿ ತಾಲ್ಲೂಕಿನ ಓದುಗರು)

ಉತ್ತರ: 1884ರಷ್ಟು ಹಿಂದೆಯೇ ನಾಟಕ ಕಂಪನಿ ಕಟ್ಟಿದ ಊರಿನ ಕಡೆಯಿಂದ ಈ ಪ್ರಶ್ನೆ ಬಂದಿರುವುದು ನನಗೆ ಸಂತೋಷ ತಂದಿದೆ. ರಂಗದ ಮೇಲೆ ಶ್ರುತಿಯ ಯಜಮಾನಿಕೆ ಇಂದಿಗೂ ಹಾರ್ಮೋನಿಯಮ್ಮಿನದೇ. ಅದು ಹಾಗೆಯೇ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಾತ್ರಧಾರಿಗಳು ತಿಂಗಳುಗಟ್ಟಲೆ ತಾಲೀಮು ಮಾಡಿದ್ದು ಆ ಪೆಟ್ಟಿಗೆಯ ಧ್ವನಿಗೆ. ಹಾಗಾಗಿ ಹೊಂದಿಕೊಳ್ಳಬೇಕಾದದ್ದು ನಿಮ್ಮ ಲ್ಯಾಪ್‌ಟಾಪು.

ತಂತ್ರಾಂಶಗಳು ಸಾಮಾನ್ಯವಾಗಿ ‘ಬಿಳಿ ಆರು’ ಮನೆಯನ್ನು (ಸಪ್ತಕದ ಬಿಳಿ ಮನೆಗಳಲ್ಲಿ ಆರನೆಯದು; ಕಪ್ಪು ಮನೆಗಳ ಎಣಿಕೆಯೂ ಹೀಗೆಯೇ) 440 ಹರ್ಟ್ಸಿಗೆ ಇಟ್ಟುಕೊಂಡು ಬರುತ್ತವೆ. ಲೆಗ್ ಹಾರ್ಮೋನಿಯಂ ಅಷ್ಟಕ್ಕೇ ಸರಿಯಾಗಿ ನಿಂತಿರಬೇಕೆಂದಿಲ್ಲ. ಹಿತ್ತಾಳೆಯ ರೀಡಿನ ತುದಿಯಲ್ಲಿ ಕೊಳೆ ಕೂತರೆ ಸ್ವರ ಇಳಿಯುತ್ತದೆ, ರಿಪೇರಿ ಮಾಡುವವರು ತುದಿಯನ್ನು ಕೆರೆದರೆ ಏರುತ್ತದೆ. ಹೀಗೆ ಪೆಟ್ಟಿಗೆ ಎರಡು ಮನೆಗಳ ನಡುವೆ ಎಲ್ಲೋ ನಿಂತಿದ್ದಾಗ ಟ್ರಾನ್ಸ್‌ಪೋಸ್ ಒತ್ತಿ ಪ್ರಯೋಜನವಿಲ್ಲ. ಅದು ಒಂದೊಂದು ಪೂರ್ತಿ ಮನೆಯನ್ನೇ ದಾಟಿಸುತ್ತದೆ. ನಿಮಗೆ ಬೇಕಾದದ್ದು ಮಾಸ್ಟರ್ ಟ್ಯೂನ್ ಅಥವಾ ಫೈನ್ ಟ್ಯೂನ್ ಎಂಬ ಗುಂಡಿ. ಒಂದು ಮನೆಗೂ ಪಕ್ಕದ ಮನೆಗೂ ನಡುವಿನ ಅಂತರವನ್ನು ನೂರು ಭಾಗ ಮಾಡಿ, ಒಂದೊಂದು ಭಾಗವನ್ನು ಸೆಂಟ್ ಎಂದು ಕರೆಯುತ್ತಾರೆ. ಆ ಗುಂಡಿ ಒಂದೊಂದು ಸೆಂಟಿನಂತೆ ಧ್ವನಿಯನ್ನು ಸರಿಸುತ್ತದೆ.

ಹೊಂದಿಸುವ ಕ್ರಮ ಹೀಗೆ. ನಾಟಕ ಶುರುವಾಗುವುದಕ್ಕೆ ಮೊದಲು, ಮೈಕಿನ ಗದ್ದಲ ಏಳುವ ಮುನ್ನ, ಆ ರಾತ್ರಿ ಹೆಚ್ಚು ಬಳಕೆಗೆ ಬರುವ ಷಡ್ಜವನ್ನು ಒತ್ತಿ ಹಿಡಿಯುವಂತೆ ಮೇಷ್ಟ್ರಲ್ಲಿ ವಿನಂತಿಸಿ. ಬೆಲೋಸಿನ ಒತ್ತಡ ಒಂದೇ ಸಮನಾಗಿರಲಿ. ನೀವು ಅದೇ ಸ್ವರವನ್ನು ಅಲುಗಾಟವಿಲ್ಲದ ಧ್ವನಿಯಲ್ಲಿ, ಉದಾಹರಣೆಗೆ ಆರ್ಗನ್ನಿನಲ್ಲಿ, ರಿವರ್ಬ್ (ಪ್ರತಿಧ್ವನಿಯ ಪರಿಣಾಮ) ಮತ್ತು ಕೋರಸ್ (ಹಲವು ಧ್ವನಿ ಕೂಡಿದಂತೆ ಕೇಳಿಸುವ ಪರಿಣಾಮ) ಎರಡನ್ನೂ ತೆಗೆದು ನುಡಿಸಿ. ಎರಡೂ ಒಟ್ಟಿಗೆ ಕೇಳಿದಾಗ ಧ್ವನಿ ಹೆಚ್ಚು ಕಡಿಮೆಯಾಗುತ್ತಾ ಅಲೆ ಅಲೆಯಾಗಿ ತೂಗುತ್ತದೆ. ಒಂದು 440, ಇನ್ನೊಂದು 443 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಮೂರು ಅಲೆ ಕೇಳಿಸುತ್ತದೆ. ಆ ಅಂತರ ಸುಮಾರು 12 ಸೆಂಟ್. ಈಗ ಗುಂಡಿಯನ್ನು ನಿಧಾನವಾಗಿ ತಿರುಗಿಸಿ. ಅಲೆಯ ವೇಗ ಹೆಚ್ಚಿದರೆ ತಪ್ಪು ದಿಕ್ಕಿಗೆ ಹೋಗುತ್ತಿದ್ದೀರಿ, ತಗ್ಗಿದರೆ ಹತ್ತಿರ ಬರುತ್ತಿದ್ದೀರಿ. ಅಲೆ ಪೂರ್ತಿ ಅಡಗಿ ಎರಡು ಧ್ವನಿ ಒಂದಾಗುವ ಜಾಗದಲ್ಲಿ ನಿಲ್ಲಿಸಿ, ನಂತರ ಪಂಚಮವನ್ನೂ ಹೀಗೆಯೇ ಪರೀಕ್ಷಿಸಿ. ಪೆಟ್ಟಿಗೆಯ ಎಲ್ಲ ರೀಡುಗಳೂ ಒಂದೇ ಅಳತೆಯಲ್ಲಿ ಇಳಿದಿರುವುದಿಲ್ಲವಾದ್ದರಿಂದ ಷಡ್ಜ ಕೂಡಿದರೂ ಪಂಚಮದಲ್ಲಿ ಒಂದಿಷ್ಟು ಅಲೆ ಉಳಿಯಬಹುದು. ಆಗ ಷಡ್ಜಕ್ಕೇ ಹೆಚ್ಚಿನ ಗೌರವ ಕೊಡಿ. ಕಂದವನ್ನೋ ಪದ್ಯವನ್ನೋ ಎತ್ತಿ ಹಾಡಿದವರು ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ, ಜನರ ಕಿವಿಯೂ ಅಲ್ಲಿಯೇ ನಿಂತಿರುತ್ತದೆ.

ಆ ಸೆಂಟಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೀಬೋರ್ಡಿಗೆ ಅಂಟಿಸಿಕೊಳ್ಳಿ. ಪ್ರತಿಯೊಂದು ಸಿಂಥ್‌ನಲ್ಲೂ ಬೇರೆ ಬೇರೆಯಾಗಿ ಬದಲಿಸುವುದಕ್ಕಿಂತ, ಎಲ್ಲವನ್ನೂ ಒಳಗೊಂಡಿರುವ ಮುಖ್ಯ ತಂತ್ರಾಂಶದಲ್ಲಿ ಒಂದೇ ಕಡೆ ಬದಲಿಸುವ ಅವಕಾಶವಿದ್ದರೆ ಅದನ್ನೇ ಬಳಸಿ. ಸ್ಯಾಂಪಲ್, ಅಂದರೆ ನಿಜವಾದ ವಾದ್ಯದಿಂದ ಧ್ವನಿಮುದ್ರಿಸಿದ ತುಣುಕುಗಳನ್ನು ಆಧರಿಸಿದ ಕೆಲವು ವಾದ್ಯಗಳು ಹೊರಗಿನ ಟ್ಯೂನಿಂಗ್ ಆಜ್ಞೆಯನ್ನು ಪಾಲಿಸುವುದಿಲ್ಲ; ಯಾವುದು ಪಾಲಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಮನೆಯಲ್ಲೇ ನೋಡಿಟ್ಟುಕೊಳ್ಳಬೇಕು.

ಪಾತ್ರದಿಂದ ಪಾತ್ರಕ್ಕೆ ಶ್ರುತಿ ಬದಲಾಗುವುದನ್ನೂ ನೀವು ಎದುರಿಸುತ್ತಿರಬೇಕು. ದುರ್ಯೋಧನ ಕಪ್ಪು ಒಂದರಲ್ಲಿ ಹಾಡಿದರೆ, ದ್ರೌಪದಿಯ ಪಾತ್ರಕ್ಕೆ ಬಂದ ಕಲಾವಿದೆ ಕಪ್ಪು ನಾಲ್ಕು ಕೇಳಬಹುದು. ಮೇಷ್ಟ್ರು ಯಾವ ಮನೆಯಿಂದ ಬೇಕಾದರೂ ನುಡಿಸಬಲ್ಲರು. ನಿಮಗೆ ಬಿಳಿ ಒಂದರಿಂದ ನುಡಿಸುವುದಷ್ಟೇ ಅಭ್ಯಾಸವಾಗಿದ್ದರೆ ಟ್ರಾನ್ಸ್‌ಪೋಸ್ ಬಳಸಿ, ಕಪ್ಪು ಒಂದಕ್ಕೆ 1 ಹೆಚ್ಚಿಸಿ, ಕಪ್ಪು ನಾಲ್ಕಕ್ಕೆ 8 ಹೆಚ್ಚಿಸಿ ಅಥವಾ 4 ಇಳಿಸಿ. ಆದರೆ ಟ್ರಾನ್ಸ್‌ಪೋಸ್ ಅನ್ನು ಕೀಬೋರ್ಡಿನಲ್ಲಿ ಮಾಡಬೇಕೋ ಲ್ಯಾಪ್‌ಟಾಪಿನಲ್ಲಿ ಮಾಡಬೇಕೋ ಎಂಬುದನ್ನು ಒಮ್ಮೆ ತೀರ್ಮಾನಿಸಿ, ಇನ್ನೊಂದನ್ನು ಎಂದೂ ಮುಟ್ಟಬೇಡಿ. ಎರಡೂ ಕಡೆ ಬದಲಾದರೆ ಲೆಕ್ಕ ಕೂಡಿಕೊಂಡು ಶ್ರುತಿ ಇನ್ನೆಲ್ಲಿಗೋ ಹೋಗುತ್ತದೆ. ಶಂಖ, ಗುಡುಗು, ಗಂಟೆಯಂಥ ಸದ್ದುಗಳನ್ನು ಎಡಗಡೆಯ ಕೊನೆಯ ಸಪ್ತಕದಲ್ಲಿ ಇಟ್ಟುಕೊಂಡಿದ್ದರೆ ಆ ಭಾಗವನ್ನು ಬೇರೆ ಚಾನೆಲ್ಲಿಗೆ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ರಾಗ ನುಡಿಸುವ ಚಾನೆಲ್ಲಿಗೆ ಮಾತ್ರ ಟ್ರಾನ್ಸ್‌ಪೋಸ್ ಅನ್ವಯಿಸಿ. ಇಲ್ಲದಿದ್ದರೆ ಕೃಷ್ಣನ ಪ್ರವೇಶಕ್ಕೆ ಶಂಖದ ಮನೆ ಒತ್ತಿದಾಗ ಗುಡುಗು ಕೇಳಿಸುತ್ತದೆ.

ಪ್ರಶ್ನೆ: ನನ್ನ ಬಳಿ ಹಳೆಯ ಯಮಹಾ ಅರೇಂಜರ್ ಕೀಬೋರ್ಡ್ ಇದೆ. ಅದನ್ನು ಮಾರಿ, ಸ್ವಂತ ಧ್ವನಿಯಿಲ್ಲದ ಮಿಡಿ ಕಂಟ್ರೋಲರ್ ಕೊಂಡರೆ ಒಳ್ಳೆಯದೆ? (ತಿಪಟೂರಿನ ಓದುಗರು)

ಉತ್ತರ: ಮಾರಬೇಡಿ. ನಮ್ಮ ಕಡೆಯ ವೇದಿಕೆಗಳಿಗೆ ಸ್ವಂತ ಧ್ವನಿಯಿರುವ ಕೀಬೋರ್ಡೇ ಸರಿಯಾದ ಕಂಟ್ರೋಲರ್ ಎಂದು ನಾನು ನಂಬಿದ್ದೇನೆ. ಹಾಡಿನ ನಡುವೆ ಲ್ಯಾಪ್‌ಟಾಪ್ ನಿಂತುಹೋದರೆ ಧ್ವನಿಯಿಲ್ಲದ ಕಂಟ್ರೋಲರ್ ಬರೀ ಹಲಗೆಯಾಗುತ್ತದೆ. ನಿಮ್ಮ ಯಮಹಾದಲ್ಲಾದರೋ ಪಿಯಾನೊ, ಸ್ಟ್ರಿಂಗ್ಸ್ ಅಲ್ಲಿಯೇ ಇವೆ.

ಕೀಬೋರ್ಡಿನ ಹಿಂಭಾಗದಲ್ಲಿ ಯುಎಸ್‌ಬಿ ಟು ಹೋಸ್ಟ್ ಎಂಬ ಸಾಕೆಟ್ಟೋ, ಐದು ಪಿನ್ನಿನ ದುಂಡನೆಯ ಮಿಡಿ ಸಾಕೆಟ್ಟೋ ಇದ್ದರೆ ಸಾಕು. ಮಿಡಿ ಪದ್ಧತಿ 1983ರಲ್ಲಿ ಬಂದದ್ದು, ಅಂದಿನ ಸಂಕೇತಗಳು ಇಂದಿಗೂ ನಡೆಯುತ್ತವೆ. ಹಳೆಯದಾದ ಮಾತ್ರಕ್ಕೆ ನಿಧಾನ ಎಂದುಕೊಳ್ಳಬೇಡಿ. ಐದು ಪಿನ್ನಿನ ಕೇಬಲ್ಲಿನಲ್ಲಿ ಒಂದು ಸ್ವರದ ಸಂಕೇತ ಸಾಗಲು ಒಂದು ಮಿಲಿಸೆಕೆಂಡ್ ಕೂಡ ಬೇಕಾಗುವುದಿಲ್ಲ. ಕೀಬೋರ್ಡಿನ ಧ್ವನಿಯನ್ನು ಮಿಕ್ಸರಿನ ಒಂದು ಚಾನೆಲ್ಲಿಗೆ, ಲ್ಯಾಪ್‌ಟಾಪಿನ ಧ್ವನಿಯನ್ನು ಇನ್ನೊಂದು ಚಾನೆಲ್ಲಿಗೆ ಕೊಡಿ. ಕೀಬೋರ್ಡಿನ ಫೇಡರನ್ನು ಇಳಿಸಿಟ್ಟಿರಿ. ಲ್ಯಾಪ್‌ಟಾಪ್ ಕೈಕೊಟ್ಟ ಕ್ಷಣದಲ್ಲಿ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದರೆ ಹಾಡು ನಿಲ್ಲುವುದಿಲ್ಲ. ಮಿಕ್ಸರ್ ನಿಮ್ಮ ಕೈಗೆ ಎಟುಕದಿದ್ದರೆ ಒಂದು ಚಿಕ್ಕ ನಾಲ್ಕು ಚಾನೆಲ್ಲಿನ ಮಿಕ್ಸರನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದು ಒಳಿತು. ಎರಡು ಧ್ವನಿಯೂ ಒಂದೇ ಮಾರ್ಗದಲ್ಲಿ ಬರಲೇಬೇಕಾದ ಸ್ಥಿತಿಯಿದ್ದರೆ ಮಾತ್ರ ಲೋಕಲ್ ಕಂಟ್ರೋಲ್ ಎಂಬುದನ್ನು ಆಫ್ ಮಾಡಿ, ಆಗ ಕೀಬೋರ್ಡು ತನ್ನ ಧ್ವನಿಯನ್ನು ತಾನೇ ಹೊರಡಿಸುವುದಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಸದ್ದು ಬರುತ್ತದೆ. ಪ್ಲಗ್ಗಿನ ದಪ್ಪ ಪಿನ್ನನ್ನು ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೆ? (ಶಿರಾದ ಓದುಗರು)

ಉತ್ತರ: ದಯವಿಟ್ಟು ಹಾಗೆ ಎಂದಿಗೂ ಮಾಡಬೇಡಿ. ಆ ದಪ್ಪ ಪಿನ್ನು ಅರ್ಥಿಂಗ್. ಜಾತ್ರೆಯ ಮೈದಾನದಲ್ಲಿ, ಒದ್ದೆ ನೆಲದ ಮೇಲೆ, ಜನರೇಟರಿನ ವಿದ್ಯುತ್ತಿನಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ಮೈಕ್ ಹಿಡಿದವರ ಜೀವ ಉಳಿಸುವುದು ಅದೇ. ಸದ್ದು ಹೋಗಲೆಂದು ಅದನ್ನು ತೆಗೆಯುವುದು ಅಪಾಯವನ್ನು ಕರೆದು ಕೂರಿಸಿದಂತೆ.

ಆ ಸದ್ದಿಗೆ ಕಾರಣವಿಷ್ಟು: ಲ್ಯಾಪ್‌ಟಾಪ್ ಒಂದು ಕಡೆಯ ಪ್ಲಗ್ಗಿನಿಂದಲೂ ಮಿಕ್ಸರ್ ಇನ್ನೊಂದು ಕಡೆಯ ಪ್ಲಗ್ಗಿನಿಂದಲೂ ಅರ್ಥಿಂಗ್ ಪಡೆದಾಗ, ಧ್ವನಿಯ ಕೇಬಲ್ಲಿನ ಹೊರಕವಚದ ಮೂಲಕ ಅವೆರಡೂ ಸೇರಿ ಒಂದು ಸುತ್ತು ಏರ್ಪಡುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸಿನ ಕಂಪನವೂ ಅದರ ಎರಡು ಪಟ್ಟು, ಮೂರು ಪಟ್ಟಿನಂಥ ಕಂಪನಗಳೂ ಆ ಸುತ್ತಿನಲ್ಲಿ ಹರಿದು ಸ್ಪೀಕರಿಗೆ ಬರುತ್ತವೆ. ಚಾರ್ಜರ್ ತೆಗೆದಾಗ ಸದ್ದು ನಿಲ್ಲುತ್ತದೆಯಾದ್ದರಿಂದ ನಿಮ್ಮ ವಿಷಯದಲ್ಲಿ ಕಾರಣ ಇದೇ ಇರಬೇಕು. ಲ್ಯಾಪ್‌ಟಾಪಿಗೂ ಮಿಕ್ಸರಿಗೂ ನಡುವೆ ಒಂದು ಡಿಐ ಬಾಕ್ಸ್ (ವಾದ್ಯದ ಧ್ವನಿಯನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಚಿಕ್ಕ ಪೆಟ್ಟಿಗೆ) ಹಾಕಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒತ್ತಿ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಬಗೆಯ ಡಿಐ ಇದಕ್ಕೆ ಉತ್ತಮ. ಅದು ಧ್ವನಿಯನ್ನು ದಾಟಿಸಿ ಕೇಬಲ್ಲಿನ ನೆಲಸಂಪರ್ಕವನ್ನಷ್ಟೇ ಕಡಿಯುತ್ತದೆ, ನಿಮ್ಮ ಪ್ಲಗ್ಗಿನ ಅರ್ಥಿಂಗ್ ಹಾಗೆಯೇ ಇರುತ್ತದೆ. ಸಾಧ್ಯವಾದರೆ ನಿಮ್ಮ ಸಲಕರಣೆಗಳಿಗೂ ಮಿಕ್ಸರಿಗೂ ಒಂದೇ ಕಡೆಯಿಂದ ವಿದ್ಯುತ್ ಪಡೆಯಿರಿ.

ಸ್ಟೀರಿಯೊ ಕೊಡಲು ಆಗದೆ ಮಿಕ್ಸರಿನಲ್ಲಿ ಒಂದೇ ಚಾನೆಲ್ ಸಿಕ್ಕಿದರೆ, ತಂತ್ರಾಂಶದಲ್ಲೇ ಧ್ವನಿಯನ್ನು ಮೊನೊ ಮಾಡಿ ಕೊಡಿ. ಎಡಬದಿಯ ಕೇಬಲನ್ನು ಮಾತ್ರ ಚುಚ್ಚಿದರೆ ಸ್ಟೀರಿಯೊ ಪಿಯಾನೊದ ಮೇಲಿನ ಸ್ವರಗಳು ಬಡವಾಗುತ್ತವೆ.

ಪ್ರಶ್ನೆ: ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಸಾಫ್ಟ್‌ವೇರ್ ಸಿಂಥ್‌ನಲ್ಲಿ ಗಮಕಗಳನ್ನು ತರಲು ಸಾಧ್ಯವೆ? ಪಿಚ್ ಬೆಂಡ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ) ತಿರುಗಿಸಿದರೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಜೊತೆಗೆ ತಂಬೂರದ ಶ್ರುತಿಯೂ ಏರಿಬಿಡುತ್ತದೆ. (ಕುಣಿಗಲ್ಲಿನ ವಿದ್ಯಾರ್ಥಿನಿ)

ಉತ್ತರ: ಸಾಧ್ಯವಿದೆ, ಕೀಬೋರ್ಡಿನಲ್ಲಿ ಪೂರ್ಣ ಕಛೇರಿ ನಡೆಸುವ ಕಲಾವಿದರೂ ಇದ್ದಾರೆ. ನೀವು ಬರೆದ ಎರಡು ತೊಂದರೆಗಳಿಗೂ ಸ್ಪಷ್ಟವಾದ ಪರಿಹಾರವಿದೆ.

ಮೆಟ್ಟಿಲಿನ ವಿಚಾರ ಮೊದಲು. ಮಿಡಿ ಪದ್ಧತಿಯಲ್ಲಿ ಪಿಚ್ ಬೆಂಡಿಗೆ 16,384 ಹಂತಗಳಿವೆ. ಆದರೆ ಕಡಿಮೆ ಬೆಲೆಯ ಕೆಲವು ಕೀಬೋರ್ಡುಗಳು 128 ಹಂತಗಳನ್ನಷ್ಟೇ ಕಳುಹಿಸುತ್ತವೆ. ಸಿಂಥ್‌ನಲ್ಲಿ ಬೆಂಡಿನ ವ್ಯಾಪ್ತಿಯನ್ನು ಮೇಲೆ ಕೆಳಗೆ 12 ಸ್ವರಸ್ಥಾನಗಳಿಗೆ ಇಟ್ಟಿದ್ದರೆ, ಅಂಥ ಕೀಬೋರ್ಡಿನ ಒಂದೊಂದು ಹಂತವೂ ಸುಮಾರು 19 ಸೆಂಟಿನಷ್ಟು ಜಿಗಿಯುತ್ತದೆ. ಇದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ವ್ಯಾಪ್ತಿಯನ್ನು 2 ಸ್ವರಸ್ಥಾನಕ್ಕೆ ಇಳಿಸಿದರೆ ಅದೇ ಹಂತ ಸುಮಾರು 3 ಸೆಂಟಿಗೆ ಬಂದು ಜಾರು ನುಣುಪಾಗುತ್ತದೆ. 2ಕ್ಕೆ ಇಡುವುದರಿಂದ ಕೈಗೂ ಒಂದು ಲೆಕ್ಕ ಸಿಗುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿದರೆ ಎರಡು ಸ್ವರಸ್ಥಾನ, ಅರ್ಧ ತಿರುಗಿಸಿದರೆ ಒಂದು. ತೋಡಿಯ ಸಾಧಾರಣ ಗಾಂಧಾರದಿಂದ ಶುದ್ಧ ಮಧ್ಯಮ ಸರಿಯಾಗಿ ಎರಡು ಸ್ವರಸ್ಥಾನ ಮೇಲಿದೆ. ಗಾಂಧಾರದ ಮನೆಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯ ಹೆಬ್ಬೆರಳಿನಿಂದ ಚಕ್ರವನ್ನು ಮಧ್ಯಮದ ಕಡೆಗೆ ತೂಗಿ, ಹಿಂದಕ್ಕೆ ಬಿಡುವಾಗ ಸ್ಪ್ರಿಂಗಿನ ಎಳೆತಕ್ಕೆ ಒಪ್ಪಿಸದೆ ಬೆರಳಿನಿಂದಲೇ ತಡೆದು ಇಳಿಸುವುದನ್ನು ಅಭ್ಯಾಸ ಮಾಡಿ. ಸ್ಪ್ರಿಂಗ್ ತಾನಾಗಿ ಎಳೆದು ತಂದ ಗಮಕದಲ್ಲಿ ಕಾಲಪ್ರಮಾಣವಿರುವುದಿಲ್ಲ. ನಿಮ್ಮ ಗುರುಗಳು ಹಾಡುತ್ತಿರುವಾಗ ಧ್ವನಿಯನ್ನು ಬಹಳ ತಗ್ಗಿಸಿಕೊಂಡು ಅವರನ್ನು ಹಿಂಬಾಲಿಸಿ ಸಾಧನೆ ಮಾಡುವುದೇ ಇದಕ್ಕೆ ದಾರಿ.

ಇನ್ನು ತಂಬೂರದ ವಿಚಾರ. ಪಿಚ್ ಬೆಂಡ್ ಒಂದು ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎತ್ತುತ್ತದೆ. ಮಿಡಿಯಲ್ಲಿ 16 ಚಾನೆಲ್ಲುಗಳಿರುವುದರಿಂದ ತಂಬೂರವನ್ನು ಬೇರೊಂದಕ್ಕೆ ಕೊಟ್ಟು, ಬೆಂಡ್ ಸಂಕೇತ ಅಲ್ಲಿಗೆ ತಲುಪದಂತೆ ತಡೆಯಿರಿ. ರಾಗ ನುಡಿಸುವ ಧ್ವನಿಯನ್ನು ಮೊನೊ ಲೆಗಾಟೊ ಕ್ರಮದಲ್ಲಿ ಇಡಿ. ಆಗ ಹಿಂದಿನ ಮನೆ ಬಿಡುವ ಮೊದಲು ಮುಂದಿನದನ್ನು ಒತ್ತಿದರೆ ಹೊಸ ಮೀಟು ಕೇಳಿಸದೆ ಸ್ವರ ಮಾತ್ರ ಮುಂದುವರಿಯುತ್ತದೆ. ಒಂದೊಂದು ಬೆರಳಿಗೂ ಪ್ರತ್ಯೇಕ ಬೆಂಡ್ ಕೊಡುವ ಎಂಪಿಇ ಎಂಬ ಪದ್ಧತಿಗೆ 2018ರಲ್ಲಿ ಅಧಿಕೃತ ಮನ್ನಣೆ ಸಿಕ್ಕಿದೆ. ಅದಕ್ಕೆ ತಕ್ಕ ಕೀಬೋರ್ಡುಗಳ ಬೆಲೆ ಹೆಚ್ಚು. ಕಲಿಕೆಯ ಈ ಹಂತದಲ್ಲಿ ಅದು ನಿಮಗೆ ಬೇಕಾಗಿಲ್ಲ.

ಪ್ರಶ್ನೆ: ದುಬಾರಿ ತಂತ್ರಾಂಶಗಳ ಕ್ರ್ಯಾಕ್ ಪ್ರತಿಗಳು ಪೆನ್‌ಡ್ರೈವಿನಲ್ಲಿ ಸಿಗುತ್ತವೆ. ಅವನ್ನು ಹಾಕಿಕೊಂಡರೆ ತೊಂದರೆ ಏನು? ಎಷ್ಟು ಸಾಮರ್ಥ್ಯದ ಲ್ಯಾಪ್‌ಟಾಪ್ ಬೇಕು? (ಮಧುಗಿರಿಯ ಓದುಗರು)

ಉತ್ತರ: ಮಾಡಿದವರ ಶ್ರಮಕ್ಕೆ ಬೆಲೆ ಕೊಡದಿರುವುದು ತಪ್ಪು ಎಂಬುದನ್ನು ಕಲಾವಿದರಿಗೆ ವಿವರಿಸಬೇಕಾಗಿಲ್ಲ. ಅದರ ಜೊತೆಗೆ, ಬೀಗ ಒಡೆದ ತಂತ್ರಾಂಶದಲ್ಲಿ ವೈರಸ್ ಸೇರಿರಬಹುದು, ನಡುವೆ ಕುಸಿದು ಬೀಳಬಹುದು, ಕೆಟ್ಟಾಗ ಕೇಳಲು ಯಾರೂ ಇರುವುದಿಲ್ಲ. ಸರ್ಜ್ ಎಕ್ಸ್‌ಟಿ ಪೂರ್ಣ ಉಚಿತ, ಮುಕ್ತ ಆಕರದ ಸಿಂಥ್. ವೈಟಲ್‌ಗೆ ಉಚಿತ ಆವೃತ್ತಿಯಿದೆ. ಡೆಕ್ಸ್ಡ್ ಎಂಬುದು 1983ರ ಯಮಹಾ ಡಿಎಕ್ಸ್7 ವಾದ್ಯದ ಪ್ರತಿರೂಪ. ಎಂಬತ್ತರ ದಶಕದ ಗೀತೆಗಳಲ್ಲಿ ಕೇಳುವ ಗಂಟೆಯಂಥ ಎಲೆಕ್ಟ್ರಿಕ್ ಪಿಯಾನೊ ಬೇಕಾದವರಿಗೆ ಇದು ವರದಾನ. ಹಣ ಕೊಟ್ಟು ಕೊಳ್ಳುವುದಾದರೆ ಮೊದಲು ಒಂದು ಒಳ್ಳೆಯ ಪಿಯಾನೊ ಕೊಳ್ಳಿ. ಪಿಯಾನೊಟೆಕ್ ಎಂಬ ತಂತ್ರಾಂಶ ಧ್ವನಿಮುದ್ರಿತ ಸ್ಯಾಂಪಲ್ ಬಳಸದೆ ಲೆಕ್ಕಾಚಾರದಿಂದಲೇ ಸ್ವರ ಹುಟ್ಟಿಸುವುದರಿಂದ ಡಿಸ್ಕಿನಲ್ಲಿ ಬಹಳ ಕಡಿಮೆ ಜಾಗ ಸಾಕು. ಕೊಂಡ ತಂತ್ರಾಂಶಗಳಲ್ಲಿ ಕೆಲವು ಆಗಾಗ ಇಂಟರ್ನೆಟ್ ಮೂಲಕ ಪರವಾನಗಿ ಪರಿಶೀಲಿಸುತ್ತವೆ. ನೆಟ್‌ವರ್ಕ್ ಇಲ್ಲದ ಊರಿಗೆ ಹೊರಡುವ ಹಿಂದಿನ ದಿನವೇ ವೈಫೈ ಆರಿಸಿ ಒಮ್ಮೆ ಎಲ್ಲವನ್ನೂ ತೆರೆದು ನೋಡಿ.

ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಇರಲೇಬೇಕು. ದೊಡ್ಡ ಸ್ಯಾಂಪಲ್ ವಾದ್ಯಗಳು ಸ್ವರದ ಆರಂಭವನ್ನಷ್ಟೇ ಮೆಮೊರಿಯಲ್ಲಿಟ್ಟು ಉಳಿದದ್ದನ್ನು ಡಿಸ್ಕಿನಿಂದ ಎಳೆಯುತ್ತವೆ, ಹಳೆಯ ತಿರುಗುವ ಡಿಸ್ಕು ಆ ವೇಗಕ್ಕೆ ನಿಲ್ಲುವುದಿಲ್ಲ. ನಾಲ್ಕಾರು ಧ್ವನಿಗಳಿಗೆ 8 ಜಿಬಿ ಮೆಮೊರಿ ನಡೆಯುತ್ತದೆ, ಕೊಳ್ಳುವುದಾದರೆ 16 ಕೊಳ್ಳಿ.

ಪ್ರಶ್ನೆ: ಹಾಡಿನ ನಡುವೆ ಕೊಳಲಿನಿಂದ ಸ್ಟ್ರಿಂಗ್ಸಿಗೆ ಬದಲಿಸುವಾಗ ಧ್ವನಿ ಕಡಿದುಹೋಗುತ್ತದೆ, ಮೌಸ್ ಹುಡುಕುವಷ್ಟರಲ್ಲಿ ಚರಣ ಶುರುವಾಗಿರುತ್ತದೆ. (ಕೊರಟಗೆರೆಯ ಓದುಗರು)

ಉತ್ತರ: ವೇದಿಕೆಯ ಮೇಲೆ ಮೌಸ್ ಹಿಡಿಯುವ ಅಗತ್ಯವೇ ಬರಬಾರದು. ನೀವು ಬಹುಶಃ ಹಾಡು ಧ್ವನಿಮುದ್ರಿಸುವ ತಂತ್ರಾಂಶವನ್ನೇ ವೇದಿಕೆಗೂ ಬಳಸುತ್ತಿದ್ದೀರಿ. ನೇರ ವಾದನಕ್ಕೆಂದೇ ರೂಪಿಸಿದವು ಬೇರೆ ಇವೆ: ಆಪಲ್ ಕಂಪ್ಯೂಟರಿಗೆ ಮೇನ್‌ಸ್ಟೇಜ್, ವಿಂಡೋಸಿಗೆ ಕ್ಯಾಂಟಬಿಲೆ, ಎರಡಕ್ಕೂ ಗಿಗ್ ಪರ್ಫಾರ್ಮರ್. ಇವುಗಳಲ್ಲಿ ಆ ಸಂಜೆಯ ಎಲ್ಲ ಧ್ವನಿಗಳನ್ನೂ ಮೊದಲೇ ಮೆಮೊರಿಗೆ ಏರಿಸಿಟ್ಟು, ಹಾಡಿನ ಕ್ರಮದಲ್ಲಿ ಪಟ್ಟಿ ಮಾಡಿಡಬಹುದು. ಒಂದು ಧ್ವನಿಯಿಂದ ಇನ್ನೊಂದಕ್ಕೆ ಹೋದಾಗ, ಒತ್ತಿ ಹಿಡಿದ ಹಳೆಯ ಸ್ವರ ಬೆರಳು ಎತ್ತುವವರೆಗೂ ಉಳಿಯುವಂತೆಯೂ ಹೊಂದಿಸಬಹುದು. ಪಟ್ಟಿಯಲ್ಲಿ ಮುಂದಕ್ಕೆ ಹೋಗುವ ಕೆಲಸವನ್ನು ಕಾಲಿನ ಪೆಡಲಿಗೋ ಕೀಬೋರ್ಡಿನ ಒಂದು ಗುಂಡಿಗೋ ಒಪ್ಪಿಸಿ.

ಪ್ರತಿ ಧ್ವನಿಯ ಮಟ್ಟವನ್ನೂ ಮನೆಯಲ್ಲೇ ಒಂದಕ್ಕೊಂದು ಸರಿದೂಗಿಸಿ. ತಂತ್ರಾಂಶಗಳ ಸಿದ್ಧ ಧ್ವನಿಗಳಿಗೆ ಕೇಳಲು ಇಂಪಾಗಲೆಂದು ದಟ್ಟವಾದ ರಿವರ್ಬ್ ಹಾಕಿರುತ್ತಾರೆ. ಅದನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಂಡೇ ಹೋಗಿ. ತುಮಕೂರಿನ ಅಮಾನಿಕೆರೆಯ ಗಾಜಿನಮನೆಯಂಥ ಗಾಜಿನ ಆವರಣದಲ್ಲಿ ಧ್ವನಿ ಸಹಜವಾಗಿಯೇ ಪ್ರತಿಫಲಿಸುತ್ತದೆ, ಅದರ ಮೇಲೆ ನಿಮ್ಮ ರಿವರ್ಬೂ ಸೇರಿದರೆ ಗಾಯಕರ ಸಾಹಿತ್ಯ ಮುಳುಗಿಹೋಗುತ್ತದೆ. ಭಾವಗೀತೆಯಲ್ಲಿ ಮಾತು ಕೇಳಿಸದಿದ್ದರೆ ನಾವು ನುಡಿಸಿದ್ದಕ್ಕೆ ಅರ್ಥವಿಲ್ಲ.

ಪ್ರಶ್ನೆ: ಲ್ಯಾಪ್‌ಟಾಪಿನ ಬದಲು ಮೊಬೈಲ್ ಫೋನ್ ಸಾಲದೆ? (ಪಾವಗಡದ ಓದುಗರು)

ಉತ್ತರ: ಅಭ್ಯಾಸಕ್ಕೆ ಸಾಲುತ್ತದೆ. ಐಪ್ಯಾಡ್ ಆದರೆ ವೇದಿಕೆಗೂ ನಡೆಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಧ್ವನಿಯ ತಡ ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿ ಇರುವುದರಿಂದ ಓಟಿಜಿ ಕೇಬಲ್ ಹಾಕಿ ನಿಮ್ಮ ಫೋನಿನಲ್ಲೇ ಪರೀಕ್ಷಿಸಬೇಕು. ಯಾವುದನ್ನು ಬಳಸಿದರೂ ಫ್ಲೈಟ್ ಮೋಡಿಗೆ ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ರಾತ್ರಿಯಿಡೀ ಬಯಲಿನಲ್ಲಿ ನಡೆಯುವ ನಾಟಕಕ್ಕೆ ಲ್ಯಾಪ್‌ಟಾಪ್ ಒಯ್ಯಲು ಹೆದರಿಕೆಯಾಗುತ್ತದೆ. ಒಮ್ಮೆ ಸ್ವರವೊಂದು ನಿಲ್ಲದೆ ಕೂಗುತ್ತಲೇ ಇತ್ತು. ಇನ್ನೊಮ್ಮೆ ಪೆಡಲ್ ಉಲ್ಟಾ ಕೆಲಸ ಮಾಡಿತು. (ಚಿಕ್ಕನಾಯಕನಹಳ್ಳಿಯ ಓದುಗರು)

ಉತ್ತರ: ಪೆಡಲಿನ ವಿಚಾರ ಸುಲಭ. ಬಹಳಷ್ಟು ಕೀಬೋರ್ಡುಗಳು ಆನ್ ಆಗುವ ಗಳಿಗೆಯಲ್ಲಿ ಪೆಡಲ್ ಯಾವ ಸ್ಥಿತಿಯಲ್ಲಿದೆ ಎಂದು ನೋಡಿ ಅದನ್ನೇ ಬಿಡುವಿನ ಸ್ಥಿತಿ ಎಂದು ಭಾವಿಸುತ್ತವೆ. ಆನ್ ಮಾಡುವಾಗ ಅದರ ಮೇಲೆ ಕಾಲಿಟ್ಟಿದ್ದರೆ ಎಲ್ಲವೂ ತಲೆಕೆಳಗು. ಆಫ್ ಮಾಡಿ, ಕಾಲು ತೆಗೆದು, ಮತ್ತೆ ಆನ್ ಮಾಡಿ. ಸ್ವರ ನಿಲ್ಲದೆ ಕೂಗುವುದಕ್ಕೆ ಕಾರಣ, ಮನೆ ಬಿಟ್ಟ ಸಂಕೇತ ದಾರಿಯಲ್ಲಿ ತಪ್ಪಿಹೋಗಿರುವುದು. ಯುಎಸ್‌ಬಿ ಕೇಬಲ್ ಸಡಿಲವಾಗಿದ್ದರೆ ಹೀಗಾಗುತ್ತದೆ. ತಂತ್ರಾಂಶದಲ್ಲಿ ಪ್ಯಾನಿಕ್ ಎಂಬ ಗುಂಡಿಯಿರುತ್ತದೆ. ಅದು ಎಲ್ಲ ಸ್ವರಗಳನ್ನೂ ನಿಲ್ಲಿಸುವ ಆಜ್ಞೆ ಕಳುಹಿಸುತ್ತದೆ. ಅದನ್ನು ಕೀಬೋರ್ಡಿನ ಒಂದು ಗುಂಡಿಗೆ ಜೋಡಿಸಿಟ್ಟುಕೊಳ್ಳಿ, ಯುಎಸ್‌ಬಿ ಕೇಬಲನ್ನು ಸ್ಟ್ಯಾಂಡಿಗೆ ಕಟ್ಟಿ, ಇನ್ನೊಂದು ಕೇಬಲನ್ನು ಚೀಲದಲ್ಲಿಡಿ.

ಬಯಲಿನ ವಿಷಯಕ್ಕೆ ಬಂದರೆ, ಲ್ಯಾಪ್‌ಟಾಪನ್ನು ಜಮಖಾನದ ಮೇಲೆ ಇಡಬೇಡಿ. ಕೆಳಗಿನ ಗಾಳಿಕಿಂಡಿ ಮುಚ್ಚಿ ಬಿಸಿಯೇರಿದರೆ ಪ್ರೊಸೆಸರು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಸಂಜೆ ಸರಿಯಿದ್ದ ಬಫರು ನಡುರಾತ್ರಿಯಲ್ಲಿ ಚಟಪಟ ಎನ್ನಲು ಶುರುಮಾಡುತ್ತದೆ. ಪರದೆಯ ಬೆಳಕನ್ನು ಆದಷ್ಟು ತಗ್ಗಿಸಿ, ದೀಪದ ಹುಳುಗಳು ಮುತ್ತುವುದು ಕಡಿಮೆಯಾಗುತ್ತದೆ. ಬೆಳಗಿನ ಜಾವದ ಇಬ್ಬನಿಗೆ ಮೇಲೊಂದು ಚಪ್ಪರದ ಹೊದಿಕೆ ಇರಲಿ, ನುಡಿಸದ ಹೊತ್ತಿನಲ್ಲಿ ಕೀಬೋರ್ಡಿಗೆ ಒಣಬಟ್ಟೆ ಮುಚ್ಚಿ. ಜನರೇಟರು ನಿಂತರೂ ಲ್ಯಾಪ್‌ಟಾಪಿನ ಬ್ಯಾಟರಿ ಕೈಬಿಡುವುದಿಲ್ಲ, ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸೂ ಅದರೊಂದಿಗೆ ನಡೆಯುತ್ತದೆ. ಅಡಾಪ್ಟರಿನ ಮೇಲೆ ನಿಂತಿರುವ ಕೀಬೋರ್ಡು ಮಾತ್ರ ಆರಿಹೋಗುತ್ತದೆ. ನಿಮ್ಮ ಕೀಬೋರ್ಡಿಗೆ ಸೆಲ್ ಹಾಕುವ ಜಾಗವಿದ್ದರೆ ಹೊಸ ಸೆಲ್ಲುಗಳನ್ನು ಹಾಕಿಕೊಂಡೇ ಹೊರಡಿ.